ಸೀಮೆಸುಣ್ಣದ ಲೆಕ್ಕ

ಮೋಟಾರ್‌ಸೈಕಲ್ಲಿನ ಹಿಂದಿನ ಸೀಟು ನನ್ನದು.
ತೊಡೆಯ ಮೇಲೆ ಕಪ್ಪು ಹಲಗೆ. ಜೇಬಿನಲ್ಲಿ ಆರು ಸೀಮೆಸುಣ್ಣ,
ಒದ್ದೆಯಾಗದಂತೆ ಬ್ರೆಡ್ಡಿನ ಚೀಲದಲ್ಲಿ ಸುತ್ತಿ.
ಗಾಡಿ ಓಡಿಸುವ ಎರ್ಮೆಸ್‌ಗೆ ಮಾತು ಕಡಿಮೆ,
ತಿರುವು ಬಂದಾಗ ಮಾತ್ರ 'ಹಿಡ್ಕೋ' ಅನ್ನುತ್ತಾನೆ.

ಮೂವತ್ತೊಂದು ವರ್ಷ ಬೆಲ್ಲೂನೊದ ಶಾಲೆಯಲ್ಲಿ
ಕಳೆಯುವ ಲೆಕ್ಕ ಕಲಿಸಿದವಳು ನಾನು.
ಮೇಲಿನ ಅಂಕಿ ಸಾಲದಿದ್ದರೆ
ಪಕ್ಕದ ಮನೆಯಿಂದ ಕಡ ತಗೋ
ಅಂತ ಹೇಳಿಕೊಟ್ಟವಳು.
ಈ ರಸ್ತೆಯಲ್ಲಿ ಪಕ್ಕದ ಮನೆಯೇ ಇಲ್ಲ.

ಇವತ್ತು ಇಪ್ಪತ್ತನೆಯ ದಿನ. ನಾಳೆ ಬರೀ ಮೆರವಣಿಗೆ.
ಗುಲಾಬಿ ಅಂಗಿ ಹನ್ನೊಂದು ದಿನದಿಂದ
ಲಿವಿಯೊ ದಾಲ್ ಮಾಸ್‌ನ ಮೈಮೇಲೆ.
ಬೆಳಿಗ್ಗೆ ಅವನ ಗಂಟಿನಲ್ಲಿ ಇದ್ದದ್ದು
ಒಂದು ನಿಮಿಷ ನಲವತ್ತಾರು ಸೆಕೆಂಡು.
ಅಷ್ಟರಲ್ಲಿ ಒಂದು ಕಾಫಿ ಕುಡಿಯಬಹುದು, ನಿಂತುಕೊಂಡೇ,
ಸಕ್ಕರೆ ಕರಗುವ ತನಕ ಕಾಯದೆ.

ಮೂರನೆಯ ಘಟ್ಟದ ಬುಡದಲ್ಲಿ
ಬಾಸ್ಕ್ ಹುಡುಗ ಅರಿಟ್ಜ್ ಎದ್ದು ನಿಂತು ತುಳಿದ.
ಲಿವಿಯೊ ಏಳಲಿಲ್ಲ.
ಏಳಲಿಲ್ಲವೋ, ಏಳಲಾಗಲಿಲ್ಲವೋ.
ಹದಿನೆಂಟು ಎಂದು ಬರೆದೆ.

ಸುರಂಗ ದಾಟಿದ ಮೇಲೆ ಅವರ ಕಿವಿಯ ರೇಡಿಯೊ ಸತ್ತಿತು.
ನಮ್ಮ ಗಾಡಿಯದು ಕೆಮ್ಮುತ್ತಾ ಬದುಕಿತ್ತು.
ಈಗ ಅವನ ಪಾಲಿಗೆ ಸುದ್ದಿ ಅಂದರೆ ನಾನೇ.

ಐವತ್ತೆರಡು. ಹಲಗೆ ಎತ್ತಿ ಹಿಡಿದೆ.
ಓದಿದ. ಅರ್ಧ ತುಂಬಿದ ಬಾಟಲಿ ಬಿಸಾಡಿದ.
ಒಂದು ಹದಿಮೂರು.
ಓದಿದ. ಜಿಪ್ಪು ಎದೆಯವರೆಗೆ ಎಳೆದ,
ಒಳಗೆ ಮೊನ್ನೆ ಬಿದ್ದ ಗಾಯಕ್ಕೆ ಸುತ್ತಿದ ಬಲೆಬಟ್ಟೆ.
ಇಷ್ಟು ಹೊತ್ತೂ ಮುಂದೆ ಗಾಳಿ ಸೀಳುತ್ತಿದ್ದ ಓದ್ದೋನೆ,
ಮೂವತ್ತೇಳಕ್ಕೇ ಮುದುಕ ಅನ್ನಿಸಿಕೊಂಡವನು,
ಒಂದು ತಿರುವಿನಲ್ಲಿ ಪಕ್ಕಕ್ಕೆ ಸರಿದು ಗಲ್ಲ ಎತ್ತಿದ: ಹೋಗು.
ಮರುಕ್ಷಣ ಅವನು ಹಿಂದೆ, ನಿಂತೇ ಬಿಟ್ಟವನಂತೆ.

ಹಿಮದ ದಿಬ್ಬದ ಮೇಲೆ ಜನ, ಕೊಡೆ, ಹಸುವಿನ ಗಂಟೆ,
ಲಿವಿಯೊನ ಊರಿನ ಮರ ಕೊಯ್ಯುವವರು
ಅವನ ಕಿವಿಯ ಹತ್ತಿರವೇ ಬಾಗಿ ಅರಚುತ್ತಾ ಓಡಿದರು.
ಅವನಿಗೆ ಕೇಳಿಸಿದ್ದು ಏನೂ ಇರಲಿಕ್ಕಿಲ್ಲ.

ಒಂದು ಮೂವತ್ತೊಂದು.
ಇಲ್ಲಿ ನನ್ನ ಕೈ ತಡೆಯಿತು.
ಇನ್ನೂ ಹದಿನೈದು ಉಳಿದಿದೆ ಅಂತ ದಿಬ್ಬದ ಮೇಲಿನವರು ಕುಣಿಯುತ್ತಿದ್ದಾರೆ.
ಆದರೆ ಮೊದಲು ಗೆರೆ ಮುಟ್ಟಿದವನಿಗೆ ಹತ್ತು ಸೆಕೆಂಡು ಇನಾಮು.
ಮುಟ್ಟುವವನು ಅರಿಟ್ಜ್, ಅನುಮಾನವಿಲ್ಲ.
ನಡುವೆ ಮೂವರಿದ್ದಾರೆ, ಚಿಲ್ಲರೆ ಇನಾಮು ಅವರಿಗೆ.
ಉಳಿದದ್ದು ಐದು.
ಹಲಗೆಯಲ್ಲಿ ಅದನ್ನು ಬರೆಯಲು ಜಾಗವಿಲ್ಲ.

ಮೂರನ್ನು ಎರಡು ಮಾಡುವುದು ಎಷ್ಟರ ಕೆಲಸ!
ಹೆಬ್ಬೆರಳಿನಿಂದ ಒಮ್ಮೆ ಒರೆಸಿದರೆ ಸಾಕು.
ಅದನ್ನು ನೋಡಿ ಉಸಿರು ಹಗುರಾಗುತ್ತಿತ್ತೋ,
ಕಾಲು ಸಡಿಲವಾಗುತ್ತಿತ್ತೋ?
ಹಿಂದಿನ ಬೆಂಚಿನಲ್ಲಿ ಒಬ್ಬಳು ಕೂರುತ್ತಿದ್ದಳು, ಜೆಲಿಂಡಾ,
ಬಹಳ ಹೊತ್ತು ದಿಟ್ಟಿಸಿದರೆ ಬೋರ್ಡಿನ ಅಂಕಿ
ನಾಚಿಕೊಂಡು ಚಿಕ್ಕದಾಗುತ್ತದೆ ಎಂದು ನಂಬಿದ್ದವಳು.
ನಾನು ಇದ್ದದ್ದನ್ನೇ ಬರೆದೆ, ದೊಡ್ಡದಾಗಿ.

ಈ ಸಲ ಅವನು ಹಲಗೆ ನೋಡಲಿಲ್ಲ, ನನ್ನನ್ನು ನೋಡಿದ.
ಬಾಯಿ ತೆರೆದಿತ್ತು, ಗಡ್ಡದಲ್ಲಿ ಜೊಲ್ಲು.
ಬಲಗೈ ಎತ್ತಿ ಐದೂ ಬೆರಳು ಬಿಡಿಸಿ ತೋರಿಸಿದೆ.
ನಿಯಮದಲ್ಲಿ ಇದಿಲ್ಲ. ಕೆಲಸ ಹೋಗಬಹುದು.
ಅವನಿಗೆ ಲೆಕ್ಕ ತಿಳಿಯಿತೋ,
ಟಾಟಾ ಮಾಡುತ್ತಿದ್ದೇನೆ ಅಂದುಕೊಂಡನೋ.
ಸೀಟಿನಿಂದ ಎದ್ದ.

ಕೊನೆಯ ತಿರುವಿನಲ್ಲಿ ಗಾಡಿಗಳನ್ನು ಬಲಕ್ಕೆ ಕಳಿಸುತ್ತಾರೆ,
ಹಿಮಜಾರಾಟದ ಲಿಫ್ಟಿನ ಕೆಳಗಿನ ಬಯಲಿಗೆ.
ಅಲ್ಲಿಂದ ಗೆರೆ ಕಾಣುವುದಿಲ್ಲ.
ಎರ್ಮೆಸ್ ಎಂಜಿನ್ ಆರಿಸಿದ.

ಮೇಲಿನಿಂದ ಒಂದು ಕೂಗು. ಅರಿಟ್ಜ್ ಮುಟ್ಟಿದ.
ಎಣಿಸತೊಡಗಿದೆ, ತುಟಿ ಅಲ್ಲಾಡಿಸುತ್ತಾ, ಒಂದನೇ ಕ್ಲಾಸಿನವಳಂತೆ.
ನಲವತ್ತು. ಎಂಬತ್ತು.
ತೊಂಬತ್ತೆರಡಕ್ಕೋ ತೊಂಬತ್ತಮೂರಕ್ಕೋ
ಲಿಫ್ಟಿನ ತಂತಿ ಗಾಳಿಗೆ ಕಿರ್ರೆಂದಿತು,
ಎಣಿಕೆ ತಪ್ಪಿತು.
ಆಮೇಲೆ ಇನ್ನೊಂದು ಕೂಗು.

'ಎಷ್ಟಾಯ್ತು ಟೀಚರ್?' ಎಂದ ಎರ್ಮೆಸ್,
ಮೊದಲ ಸಲ ಹಾಗೆ ಕರೆದು.
ಸಣ್ಣ ಆಲಿಕಲ್ಲು ಹಲಗೆಯ ಮೇಲೆ ಟಕಟಕ ಬೀಳುತ್ತಿತ್ತು.
ನಾನು ಅದನ್ನು ತೋಳಿನಿಂದ ಒರೆಸುತ್ತಾ ಕೂತೆ,
ಮೇಲಿನಿಂದ ಯಾರಾದರೂ ಇಳಿದು ಬರಲಿ ಎಂದು.