ಎಡಗೈ ಗವಸು

ಆ ಪಟ್ಟಿ ಮುದ್ರಿಸಿದವಳು ನಾನೇ.
ಹ್ರೋದ್ನಾ ನಗರದ ಬ್ಯಾಂಕು, ಮೂರನೇ ಕಿಟಕಿ,
ಮಂಗಳವಾರ, ಊಟಕ್ಕೆ ಹತ್ತು ನಿಮಿಷ ಬಾಕಿ.
ಬೂದು ಕೋಟಿನವನು ಗದರಲಿಲ್ಲ.
ಒಂದು ಕಾಗದ ತೋರಿಸಿದ, ಒಂದು ಚಾಕೊಲೇಟು ಕೊಟ್ಟ.
ಯಂತ್ರ ಗೊರಗೊರ ಉಗುಳಿತು:
ಹೆಸರು, ಹುಟ್ಟಿದ ದಿನ, ಮನೆ ನಂಬರು, ಮೊತ್ತ.
ಇನ್ನೂ ಬೆಚ್ಚಗಿದ್ದ ಹಾಳೆಗಳನ್ನು
ಅಂಚು ಕೂಡಿಸಿ ಕೊಟ್ಟೆ. ಅಚ್ಚುಕಟ್ಟು ನನ್ನ ಅಭ್ಯಾಸ.

ನಲವತ್ತೊಂದನೇ ಸಾಲು:
ಯಾದ್ವಿಹಾ ಕ್ಲಿಮೋವಿಚ್, ಇಪ್ಪತ್ತೈದು ರೂಬಲ್.
ಜೈಲಿನಲ್ಲಿರುವ ಯಾರಿಗೋ
ಉಣ್ಣೆಯ ಕಾಲುಚೀಲ, ಸೋಪು, ಒಂದು ಪೊಟ್ಟಣ ಚಹಾ.
ನಮ್ಮ ಮೆಟ್ಟಿಲಲ್ಲೇ, ಎರಡು ಮಹಡಿ ಕೆಳಗೆ ಆಕೆಯ ಬಾಗಿಲು.

ಕರೆಸಿದರು. ಕುರ್ಚಿ ಕೊಟ್ಟರು.
ಅಜ್ಜೀ, ಕರುಣೆ ಒಳ್ಳೆಯದೇ, ವಿಳಾಸ ತಪ್ಪಿದೆ ಅಷ್ಟೆ,
ಹತ್ತು ಪಟ್ಟು ಆಸ್ಪತ್ರೆ ಖಾತೆಗೆ ಕಟ್ಟಿಬಿಡಿ ಅಂದರು.
ಕಟ್ಟಲು ನನ್ನ ಕಿಟಕಿಗೇ ಬಂದಳು.
'ಉದ್ದೇಶ' ಎಂಬಲ್ಲಿ ನಾನೇ ತುಂಬಿದೆ:
ಸ್ವಂತ ಇಚ್ಛೆಯ ದಾನ.
ಮೊಹರು ಒತ್ತುವಾಗ ಇಬ್ಬರೂ
ಮೊಹರನ್ನೇ ನೋಡಿದೆವು.

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು,
ಎನ್ನುತ್ತಿದ್ದಳು ನನ್ನಜ್ಜಿ.
ಅವಳಿಗೇನು ಗೊತ್ತು!
ಈಗ ಬಲಗೈಗಿಂತ ಮೊದಲು ತಿಳಿಯುವುದು ಬ್ಯಾಂಕಿಗೆ,
ಬ್ಯಾಂಕಿನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ.

ಮರುವರ್ಷ ನನ್ನ ಸರದಿ.
ನಾಲ್ಕು ವರ್ಷದ ಹಿಂದೆ ಒಂದು ಚಿತ್ರಕ್ಕೆ ಹೃದಯ ಒತ್ತಿದ್ದೆನಂತೆ,
ಹಿಮದಲ್ಲಿ ಕೂತ ನಾಯಿಯ ಚಿತ್ರ.
ಹಾಕಿದವನು ಉಗ್ರಗಾಮಿ ಎಂದು ಆಮೇಲೆ ತೀರ್ಮಾನವಾಗಿತ್ತು.
ನಾಯಿಯದೇನೂ ತಪ್ಪಿಲ್ಲ ಅಂದೆ. ನಗಲಿಲ್ಲ.
ಕೆಲಸ ಹೋಯಿತು. ಬ್ರೆಡ್ಡಿನಂಗಡಿಯಲ್ಲಿ ಕಾರ್ಡು
ಉಸಿರೆತ್ತದೆ ಸತ್ತಿತ್ತು;
ಬೆನ್ನ ಹಿಂದಿನ ಸಾಲು ಒಂದು ಹೆಜ್ಜೆ ದೂರ ಸರಿಯಿತು.

ಆ ರಾತ್ರಿ ಯಾದ್ವಿಹಾ ಬಾಗಿಲು ತಟ್ಟಿದಳು.
ತಳಮನೆಗೆ ಕರೆದೊಯ್ದಳು.
ಆಲೂಗಡ್ಡೆ ಮೂಟೆಗಳ ಹಿಂದೆ
ಎಲೆಕ್ಟ್ರಿಷಿಯನ್ ಯಾಜೆಪ್‌ನ ಪುಟ್ಟ ಪೆಟ್ಟಿಗೆ, ಮಿಣುಕುವ ಹಸಿರು ದೀಪ.
ಅದರೊಳಗೊಂದು ಖಾತೆ ಪುಸ್ತಕವಂತೆ,
ಸಾವಿರ ಊರುಗಳಲ್ಲಿ ಅದೇ ಪುಸ್ತಕ, ಅದೇ ಪುಟ;
ಯಾರು ಬೇಕಾದರೂ ಓದಬಹುದು, ಯಾರೂ ಕೆರೆದು ಅಳಿಸಲಾರರು.
ಮೊತ್ತ ಉಂಟು, ಹೊತ್ತು ಉಂಟು, ಹೆಸರಿಲ್ಲ.
'ನೀನಾಗಿ ಬಾಯಿ ಬಿಡುವ ತನಕ ಇಲ್ಲ,' ಎಂದ.
ಸುದ್ದಿಯ ಪಾಡೂ ಇಷ್ಟೇ: ಇಲ್ಲಿ ಒರೆಸಿದರೆ ಬಿಯಾಲಿಸ್ತೋಕಿನಲ್ಲಿ,
ಅಲ್ಲಿ ಒರೆಸಿದರೆ
ತ್ಬಿಲಿಸಿಯ ಯಾರದೋ ಅಡುಗೆಮನೆಯಲ್ಲಿ.

ಹತ್ತೊಂಬತ್ತು ವರ್ಷ ಬ್ಯಾಂಕಿನಲ್ಲಿದ್ದವಳು, ಕೇಳದೆ ಇರಲಾಗಲಿಲ್ಲ:
ಕಳೆದುಹೋದರೆ ಯಾವ ಕಿಟಕಿಗೆ ಹೋಗಬೇಕು?
ಯಾಜೆಪ್ ತಲೆ ಕೆರೆದುಕೊಂಡ.
ಕಿಟಕಿಯೇ ಇಲ್ಲ. ಕಳೆದರೆ ಕಳೆದಂತೆ.

ಯಾದ್ವಿಹಾ ಚೀಲದಿಂದ ತೆಗೆದಳು ಒಂದು ಕೈಗವಸು,
ಬಿಳಿ ಉಣ್ಣೆ, ನಡುನಡುವೆ ಕೆಂಪು.
ಒಂದೇ? ಅಂದೆ.
ಒಂದೇ.
ಬೀಗಕ್ಕೆ ಹನ್ನೆರಡು ಪದ, ಪದಕ್ಕೊಂದು ಸಂಖ್ಯೆ,
ಸಂಖ್ಯೆಗೆ ತಕ್ಕಷ್ಟು ಕೆಂಪು ಹೆಣಿಗೆ.
ಎಡಗೈಯಲ್ಲಿ ಆರು. ಮಿಕ್ಕ ಆರು ಬಲಗೈಯಲ್ಲಿ,
ಬಲಗೈ ಬೇರೆ ಮನೆಯಲ್ಲಿ.
ಕಾಲುಚೀಲ, ಸೋಪು, ಚಹಾ
ಈಗಲೂ ಹೋಗುತ್ತವೆ, ಈ ದಾರಿಯಿಂದ.

ಒಂದು ಮಾತು ಬಿಟ್ಟೆ.
ಬ್ಯಾಂಕಿನ ಪ್ರತಿ ಹಾಳೆಯ ತಳದಲ್ಲಿ
ಸಣ್ಣಕ್ಷರದಲ್ಲಿ ಅಚ್ಚಾಗುತ್ತದೆ ಕಿಟಕಿಯ ನಂಬರು.
ಆ ಹಾಳೆಯನ್ನು ಆಕೆಯ ಮುಂದೆ ಹಿಡಿದೇ ಇರುತ್ತಾರೆ.
ಸಕ್ಕರೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವಳು,
ಹಾಳೆಯ ತಳ ಓದದೆ ಬಿಡುವವಳಲ್ಲ.

ನಾನು ಕೇಳಿಲ್ಲ. ಆಕೆ ಹೇಳಿಲ್ಲ.
ಮೈನಸ್ ಹದಿನಾಲ್ಕು ಇವತ್ತು. ಬ್ರೆಡ್ಡಿನ ಸಾಲಿನಲ್ಲಿ
ಎಡಗೈ ಬೆಚ್ಚಗಿದೆ,
ಬಲಗೈ ಜೇಬಿನೊಳಗೆ ಮರಗಟ್ಟುತ್ತದೆ.
ಕೇಳಿದವರಿಗೆ, ಇನ್ನೊಂದು ಎಲ್ಲೋ ಬಿದ್ದುಹೋಯಿತು, ಅನ್ನುತ್ತೇನೆ.