ಹೋಗುತ್ತದೆ, ಹೋಗುವುದಿಲ್ಲ

ಭೋಸರಿಯ ಶೆಡ್ಡಿನಲ್ಲಿ ನನ್ನ ಕೆಲಸ
ತೂತು ನೋಡುವುದು.
ಹಿತ್ತಾಳೆಯ ತುಂಡು, ನಟ್ಟನಡುವೆ ಕೂದಲೆಳೆಯ ತೂತು,
ನನ್ನ ಕೈಯಲ್ಲಿ ಉಕ್ಕಿನ ಪಿನ್ನು.
ಒಂದು ತುದಿ ಹೋಗಬೇಕು, ಇನ್ನೊಂದು ಹೋಗಬಾರದು.
ದಿನಕ್ಕೆ ಎಂಟುನೂರು ಸಲ ಇಷ್ಟೇ ಮಾತು:
ಹೋಗುತ್ತದೆ. ಹೋಗುವುದಿಲ್ಲ.

ಇಂಥವಳಿಗೆ ಸ್ವಾರಗೇಟಿನ ಶೋರೂಮಿನ ಹುಡುಗ
ಗಾಡಿಯ ಹತ್ತಿರವೂ ಸುಳಿಯದೆ
ಗಾಜಿನಾಚೆಯಿಂದಲೇ ಅಂದ:
"ತಾಈ, ಜೆಟ್ಟು ದೊಡ್ಡದಾಗಿದೆ, ಪೆಟ್ರೋಲು ಸುಮ್ಮನೆ ಕುಡಿಯುತ್ತೆ.
ಟ್ಯೂನಿಂಗ್ ಸೇರಿ ಸಾವಿರದ ಎಂಟುನೂರಾ ಐವತ್ತು.
ನಾಲ್ಕು ದಿನ ಬಿಟ್ಟುಹೋಗಿ.
ಇದೆಲ್ಲ ಬರಿಗಣ್ಣಿಗೆ ಕಾಣುವಂಥದ್ದಲ್ಲ."

ಬರಿಗಣ್ಣು!
ಚೀಟಿಯಲ್ಲಿ ಜೆಟ್ಟಿಗೆ ನೂರಾ ನಲವತ್ತು,
ಮಿಕ್ಕಿದ್ದಕ್ಕೆಲ್ಲ ಒಂದೇ ಹೆಸರು, ಲೇಬರ್.
ನನ್ನ ಪಗಾರಿನ ಚೀಟಿಯ ಮೇಲೂ ಅದೇ ಹೆಸರು,
ಮುಂದಿನ ಅಂಕಿ ಮಾತ್ರ ಬೇರೆ ಊರಿನದು.

ಗಾಡಿ ಮೊದಲು ಒಬ್ಬ ಕಾಲೇಜು ಹುಡುಗನದು.
ಗುಡುಗುವ ಸೈಲೆನ್ಸರು ಹಾಕಿಸಿದ್ದ, ಅದಕ್ಕೆ ತಕ್ಕ ದೊಡ್ಡ ಜೆಟ್ಟು.
ಮಾರುವಾಗ ಸೈಲೆನ್ಸರು ಬಿಚ್ಚಿಟ್ಟುಕೊಂಡ,
ಹಸಿವನ್ನು ಒಳಗೇ ಬಿಟ್ಟ.

ಗುರುವಾರ ಕಾರ್ಖಾನೆಗೆ ರಜೆ.
ನಾನಾ ಪೇಠೆಯ ಗಲ್ಲಿಯಲ್ಲಿ ತೈಯಬ್ ಚಾಚಾ
ಮೂರು ಪುಟ್ಟ ಪೊಟ್ಟಣ ಮುಂದಿಟ್ಟರು:
ನೂರು, ನೂರಾ ಐದು, ನೂರಾ ಹತ್ತು.
"ಯಾವ ಮಿಸ್ತ್ರಿ ಕಳಿಸಿದ?"
ನಾನೇ, ಅಂದೆ.
ಇನ್ನೊಮ್ಮೆ ನೋಡಿದರು, ಮುಖವನ್ನಲ್ಲ, ಉಗುರನ್ನು.
ಹತ್ತು ರೂಪಾಯಿ ಬಿಟ್ಟರು.

ವಾಡೆಯ ಅಂಗಳ, ನಲ್ಲಿಕಟ್ಟೆಯ ಪಕ್ಕ.
ಹಿಟ್ಟು ನಾದುವ ಪರಾತದಲ್ಲಿ ಒಂದೊಂದೇ ಸ್ಕ್ರೂ,
ಬಿಚ್ಚಿದ ಸರತಿಯಲ್ಲೇ.
ತಳದ ಬಟ್ಟಲು ಕಳಚಿದಾಗ ಪೆಟ್ರೋಲು
ಮಣಿಕಟ್ಟಿಗೆ ಇಳಿದು ತಣ್ಣಗೆ ಆರಿಹೋಯಿತು.
ಒಳಗೆ ಅದು.
ಏಳು ವರ್ಷದಿಂದ ನಾನು ಪಿನ್ನು ಚುಚ್ಚಿದ ಅದೇ ತುಂಡು.
ನಮ್ಮ ಶೆಡ್ಡಿನಲ್ಲಿ ಅದಕ್ಕೆ ಪಾರ್ಟ್ ನಲವತ್ತೇಳು ಅನ್ನುತ್ತಾರೆ.
ಟ್ರೇ ತುಂಬಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆಂದು
ಯಾರೂ ಹೇಳಿರಲಿಲ್ಲ.
ನಾನೂ ಕೇಳಿರಲಿಲ್ಲ, ಅದು ಬೇರೆ.

ನೂರು ಹಾಕಿದೆ: ಕತ್ರಜದ ಏರಿನಲ್ಲಿ ಕೆಮ್ಮಿತು,
ಪ್ಲಗ್ಗಿನ ತುದಿ ವಿಭೂತಿಯ ಹಾಗೆ ಬೆಳ್ಳಗೆ.
ನೂರಾ ಹತ್ತು: ಕಾಡಿಗೆ.
ಗ್ಯಾಸ್ಕೆಟ್ಟು ಹರಿಯಿತು. ಇನ್ನೊಂದು ತಂದೆ, ಅದೂ ಹರಿಯಿತು.
ಒಂದು ಸ್ಕ್ರೂವಿನ ತಲೆ ಸವೆದು
ಗುಂಡು ಮಣಿಯಾಗಿ ನಕ್ಕಿತು.
ಮೇಲಿನ ಗ್ಯಾಲರಿಯಿಂದ ಕುಂದಾತಾಈ,
"ಇಷ್ಟೊತ್ತಿಗೆ ನಾಲ್ಕು ಸೀರೆಗೆ ಫಾಲ್ ಹಚ್ಚುತ್ತಿದ್ದೆ."

ಹೌದು, ಲೆಕ್ಕ ಹಾಕಿದ್ದೇನೆ.
ಮೂರು ಜೆಟ್ಟು, ಎರಡು ಗ್ಯಾಸ್ಕೆಟ್ಟು, ಹೊಸ ಸ್ಕ್ರೂಡ್ರೈವರು,
ಏರಿಳಿದು ಸುಟ್ಟ ಪೆಟ್ರೋಲು,
ಜೊತೆಗೆ ಎರಡು ಗುರುವಾರ.
ನನ್ನ ದಿನಗೂಲಿಯನ್ನೂ ಹಚ್ಚಿದರೆ
ಗಾಜಿನಾಚೆಯ ಹುಡುಗನೇ ಅಗ್ಗ.
ಅವನಿಗೆ ಹೇಳಲು ಹೋಗಬೇಡಿ.

ಎರಡನೇ ಗುರುವಾರ, ನೂರಾ ಐದು.
ಹಳೇ ಘಾಟಿನಲ್ಲಿ ಸುರಂಗಕ್ಕೆ ಮುಂಚಿನ ತಿರುವು.
ಎಂಜಿನ್ನು ನಿಲ್ಲಿಸಿ, ಬಟ್ಟೆ ಸುತ್ತಿ, ಬಿಸಿ ಪ್ಲಗ್ಗು ಬಿಚ್ಚಿದೆ.
ಕರಿಯಲ್ಲ, ಬಿಳಿಯಲ್ಲ,
ಜೋಳದ ರೊಟ್ಟಿಯ ಮೇಲೆ ಹೆಂಚು ಇಟ್ಟ ಚುಕ್ಕೆಯ ಕಂದು.
ಜತ್ತಿನ ಮನೆಯಲ್ಲಿ ಅವ್ವ
ಯಾವ ಪಿನ್ನೂ ಇಲ್ಲದೆ
ಅದೇ ಬಣ್ಣಕ್ಕೆ ತಿರುವಿ ಹಾಕುತ್ತಿದ್ದಳು.
ಲಾರಿಯೊಂದು ಹಾರ್ನ್ ಹೊಡೆದು ದಾಟಿತು.
ಸುಮ್ಮನೆ ಕೂತಿದ್ದೆ, ಬೆರಳು ಚುರುಗುಡುತ್ತಿತ್ತು.

ಶುಕ್ರವಾರ. ಟ್ರೇಯ ಮೊದಲ ತುಂಡು ಎತ್ತಿ
ಟ್ಯೂಬ್‌ಲೈಟಿಗೆ ಹಿಡಿದೆ.
ಚುಕ್ಕೆಯಷ್ಟು ಬೆಳಕು.
ಸೂಪರ್‌ವೈಸರ್ ಢಮಾಲೆ ಹಿಂದೆ ಬಂದು ನಿಂತ:
"ಏನು, ಹೋಗುವುದಿಲ್ಲವಾ?"

ಹೋಗುತ್ತದೆ, ಅಂದೆ.
ಕತ್ರಜ ದಾಟಿ, ಶಿರವಳದವರೆಗೂ.