ಆರು ಎಕ್ಸ್

ಸೋಹಾರ್ ಬಂದರು, ಎರಡನೇ ಗೇಟು, ರಾತ್ರಿ ಎರಡೂವರೆ.
ಸುಣ್ಣಕಲ್ಲು ಹೊತ್ತ ಲಾರಿ ತೂಕದ ಹಲಗೆ ಹತ್ತಿ
ಬ್ರೇಕಿನ ಉಸಿರು ಬಿಟ್ಟಿತು.
ಒಳಗೆ ಏಸಿ, ಹೊರಗೆ ಆಗಸ್ಟ್;
ನಮ್ಮ ಕಿಟಕಿ ಹೊರಮೈಯಲ್ಲಿ ಬೆವರುತ್ತದೆ.

ಆ ಬೆವರನ್ನು ಅಂಗೈಯಲ್ಲಿ ಒರೆಸಿ, ಅಷ್ಟಗಲ ಜಾಗದಿಂದ
ಶೇರ್ ಜಮಾನ್ ಚೀಟಿ ತೋರಿಸಿದ:
ಹತ್ತೊಂಬತ್ತು ಟನ್ನು.
"ಖಾಲಿ ಲಾರಿಯೇ ಹದಿನಾರು, ಸಾಬ್.
ನಾನೇನು ಮೂರು ಟನ್ನು ಧೂಳು ತಂದೆನೇ?"
ಈ ತಿಂಗಳಲ್ಲಿ ಮೂರನೇ ಸಲ. ಅವನ ಕೂಲಿ ಟನ್ನಿನ ಲೆಕ್ಕ.

ಯಾರೂ ಮುಟ್ಟದ ಹಳೆಯ ಪ್ರೋಗ್ರಾಂ ತೆರೆದೆ. ಸಿ ಭಾಷೆ.
ಇನ್ನೂರ ಹನ್ನೆರಡನೇ ಸಾಲಿನ ತಲೆಯ ಮೇಲೆ
ಇಂಗ್ಲಿಷ್ ಅಕ್ಷರ ತೊಟ್ಟು ಕುಳಿತ ಕನ್ನಡ:
"ಇದು ತಾತ್ಕಾಲಿಕ. ಬರುವ ವಾರ ಸರಿ ಮಾಡಬೇಕು.
ದೂಮಪ್ಪ, ೨೦೦೪."

ಇಪ್ಪತ್ತು ವರ್ಷವಾಯಿತು,
ಬರುವ ವಾರ ಇನ್ನೂ ದಾರಿಯಲ್ಲಿದೆ.

ತೂಕ ಬರೆದಿಡಲು ಒಂದು ಗಳಿಗೆಯ ಕಡತ ಬೇಕು,
ಚೀಟಿ ಅಚ್ಚಾದರೆ ಅದರ ಋಣ ತೀರಿತು.
ದೂಮಪ್ಪ ಅದಕ್ಕೆ ಗಡಿಯಾರದ ಸೆಕೆಂಡನ್ನೇ ಹೆಸರಿಟ್ಟ.
ತಪ್ಪಲ್ಲ. ಆಗ ಇದ್ದದ್ದು ಒಂದೇ ಹಲಗೆ;
ಒಂದು ಸೆಕೆಂಡಿನಲ್ಲಿ ಎರಡು ಲಾರಿ ತೂಗುವ ತಕ್ಕಡಿ
ದೇವರ ಹತ್ತಿರವೂ ಇರಲಿಲ್ಲ.
ಆಮೇಲೆ ಎರಡನೇ ಹಲಗೆ ಬಂತು. ಒಂದೇ ಗಳಿಗೆ, ಒಂದೇ ಹೆಸರು;
ತಡವಾಗಿ ಬಂದವನು ಮೊದಲು ಬಂದವನನ್ನು ಒರೆಸಿ
ಅದೇ ಬೆಚ್ಚಗಿನ ಹಾಸಿಗೆಯಲ್ಲಿ ಮಲಗಿದ.

ಕ್ಯಾಂಟೀನಿನ ಕುಂಞಾಮು ಮಾತ್ರ ನೆನಪಿಟ್ಟಿದ್ದ:
"ದೂಮಣ್ಣನೇ? ಒಂದು ವರ್ಷಕ್ಕೆಂದು ಬಂದವನು.
ಹದಿನಾಲ್ಕು ವರ್ಷ ಒಂದೇ ತಟ್ಟೆ. ಯಾರಾದರೂ ಊಟಕ್ಕೆ ಬಂದರೆ
ಅವರು ಉಂಡು ಮುಗಿಸುವ ತನಕ ಬಾಗಿಲಲ್ಲಿ ನಿಂತಿರುತ್ತಿದ್ದ.
ಇನ್ನೊಂದು ಯಾಕೆ, ಹೇಗೂ ಹೊರಟವ, ಅನ್ನುತ್ತಿದ್ದ."
ಈಗ ಎಲ್ಲಿ?
ಕುಂಞಾಮು ಸುಲೈಮಾನಿಗೆ ನಿಂಬೆ ಹಿಂಡಿದ.

ಸರಿಪಡಿಸುವುದು ಹನ್ನೊಂದು ಸಾಲಿನ ಕೆಲಸ.
ಹೆಸರಿನ ಕೊನೆಗೆ ಆರು ಎಕ್ಸ್ ಬರೆದು ಎಂಕೆಸ್ಟೆಂಪ್‌ಗೆ ಕೊಡು.
ಶಾಸನದ ಕಲ್ಲಿನಂಥ ಸ್ಟ್ರಿಂಗಿನಲ್ಲಲ್ಲ,
ಅಳಿಸಿ ಬರೆಯಬಹುದಾದ ಅರೇಯಲ್ಲಿ;
ಇಲ್ಲವಾದರೆ ಪ್ರೋಗ್ರಾಂ ಅಲ್ಲೇ ಕುಸಿಯುತ್ತದೆ. ನನಗೆ ಒಮ್ಮೆ ಕುಸಿಯಿತು.
ಅದು ಯಾರಿಗೂ ಇರದ ಆರು ಅಕ್ಷರ ಹುಡುಕಿ ತುಂಬುತ್ತದೆ,
ಹೆಸರು ಹುಡುಕುವುದೂ ಬಾಗಿಲು ತೆರೆಯುವುದೂ ಒಂದೇ ಏಟಿಗೆ,
ನಡುವೆ ಇನ್ನೊಬ್ಬ ನುಸುಳುವಷ್ಟು ಸಂದಿಲ್ಲ.

ತೆರೆದ ಮರುಸಾಲಿನಲ್ಲೇ ಅನ್‌ಲಿಂಕ್. ಹೆಸರು ಹೋಯಿತು.
ಪಟ್ಟಿ ತೆಗೆದು ನೋಡು, ಅಂಥ ಕಡತವೇ ಇಲ್ಲ.
ಆದರೂ ಹಿಡಿದ ಕೈ ಬಿಡುವ ತನಕ ಅದು ಬದುಕಿದೆ,
ಬರೆಸಿಕೊಳ್ಳುತ್ತದೆ, ಕೇಳಿದರೆ ಓದಿ ಹೇಳುತ್ತದೆ.
ಕರೆಂಟು ಹೋದರೆ, ಗುಡಿಸಲು ಯಾರೂ ಬೇಕಿಲ್ಲ.

ಬೆಳಗಿನ ಬಾಂಗಿನ ಹೊತ್ತಿಗೆ ಎರಡು ಲಾರಿ ಒಟ್ಟಿಗೆ ಹತ್ತಿಸಿದೆವು.
ಶೇರ್ ಜಮಾನನದು ನಲವತ್ತೆರಡು; ಪಕ್ಕದ ಮೀನಿನ ಲಾರಿ ಹತ್ತೊಂಬತ್ತು.
ಅವನು ಚೀಟಿಯನ್ನು ಎರಡು ಸಲ ಓದಿ ಕೇಳಿದ,
"ಹಳೆಯ ಎರಡು ಚೀಟಿ?"
ಅದಕ್ಕೆ ಸಿ ಭಾಷೆಯಲ್ಲಿ ಫಂಕ್ಷನ್ ಇಲ್ಲ.
ಅಕೌಂಟ್ಸಿನ ಮಿಸ್ರಿಗೆ ಪತ್ರ ಬರೆದೆ. ಉತ್ತರವಿಲ್ಲ. ಇನ್ನೊಂದು ಬರೆದೆ.

ದೂಮಪ್ಪನ ಸಾಲನ್ನು ಅಳಿಸಲು ಬೆರಳು ಹೋಯಿತು, ಅಳಿಸಲಿಲ್ಲ.
ಅದರ ಕೆಳಗೆ ತಾರೀಕು ಹಾಕಿದೆ, ಅಷ್ಟೇ.
ನನ್ನ ವೀಸಾ ಎರಡು ವರ್ಷದ್ದು, ಐದನೇ ಸಲ ಹೊಸದಾಗಿದೆ.

ಶುಕ್ರವಾರ ಮೀನುಪೇಟೆಯಿಂದ ಬರುವಾಗ
ಸ್ಟೀಲಿನ ತಟ್ಟೆಯೊಂದನ್ನು ಕೊಂಡೆ,
ಕೋಣೆಯಲ್ಲಿ ಇದ್ದ ಒಂದರ ಜೊತೆಗೆ.